ಇದ್ದಿಲು ಹಿಡಿದಿಟ್ಟದ್ದು

ಜನವರಿ 6

ಅಮ್ಮಾ,

ಬಂದು ತಲುಪಿದೆ. ಜೀಪಿನಲ್ಲಿ ಕೂತು ಬಂದೆ ಎನ್ನುವುದಕ್ಕಿಂತ ಕುಪ್ಪಳಿಸಿಕೊಂಡು ಬಂದೆ ಎನ್ನಬೇಕು. ಇಳಿದಾಗ ಮೈಯ ಮೂಳೆಗಳೆಲ್ಲ ಒಂದಕ್ಕೊಂದು ಜಾಗ ಬದಲಾಯಿಸಿಕೊಂಡಂತಿತ್ತು. ಇಲ್ಲಿ ಫೋನು ಸಿಗುವುದಿಲ್ಲ. ವಾರಕ್ಕೊಮ್ಮೆ ಸಾಮಾನು ತರುವ ಜೀಪಿನ ಡ್ರೈವರ್ ಕೈಗೆ ಕಾಗದ ಕೊಟ್ಟರೆ ಪೇಟೆಯಲ್ಲಿ ಅಂಚೆಗೆ ಹಾಕುತ್ತಾನೆ. ಇದೇನು ನಿನಗೆ ಹೊಸದಲ್ಲ, ಅಕ್ಕನ ಕಾಗದಗಳೂ ಹೀಗೆಯೇ ಬರುತ್ತಿದ್ದವು.

ಇರುವುದಕ್ಕೆ ತಗಡಿನ ಶೆಡ್ಡು. ಹೆಂಗಸರ ಕೋಣೆಯಲ್ಲಿ ಎರಡು ಮಂಚ, ಹೆಂಗಸು ನಾನೊಬ್ಬಳೇ. ಕಿಟಕಿ ಪಕ್ಕದ ಮಂಚ ಅಕ್ಕನದು. ಯಾರೂ ಹೇಳಲಿಲ್ಲ, ಟವೆಲು ಒಣಹಾಕಲು ಅವಳು ಕಟ್ಟಿದ ಹಗ್ಗ ಇನ್ನೂ ಗೋಡೆಯ ಮೇಲಿದೆ, ಗಂಟು ನೋಡಿಯೇ ಗೊತ್ತಾಯಿತು. ನಮ್ಮ ಅಂಗಡಿಯಲ್ಲಿ ಬಟ್ಟೆಯ ಮೂಟೆಗೆ ಹಾಕುವ ಗಂಟು ಅದು. ನಾನು ಇನ್ನೊಂದು ಮಂಚದಲ್ಲಿ ಮಲಗುತ್ತಿದ್ದೇನೆ.

ಕೆಲಸವೂ ಅವಳು ಮಾಡುತ್ತಿದ್ದದ್ದೇ. ಜಲಾಶಯದ ತಳದಲ್ಲಿ ಎಷ್ಟು ಹೂಳು ತುಂಬಿದೆ ಎಂದು ಅಳೆಯುವುದು. ದೋಣಿಯಲ್ಲಿ ಕೂತು, ಹಗ್ಗದ ತುದಿಗೆ ಕಟ್ಟಿದ ಸೀಸದ ಗುಂಡನ್ನು ನೀರಿಗೆ ಇಳಿಬಿಡಬೇಕು. ಅದು ತಳ ಮುಟ್ಟಿದ ಕೂಡಲೇ ಹಗ್ಗ ಸಡಿಲವಾಗುತ್ತದೆ, ಆಗ ಆಳ ಎಷ್ಟೆಂದು ಕೂಗಿ ಹೇಳಬೇಕು. ಹೋದ ವರ್ಷ ಗಾಳಿಗೆ ದೋಣಿ ಮಗುಚಿದ ಮೇಲೆ ನಿಂತುಹೋಗಿದ್ದ ಅಳತೆಯನ್ನೇ ಈಗ ಮುಂದುವರಿಸಿದ್ದಾರೆ. ಗುಂಡು ಕೆಳಗೆ ಏನನ್ನೋ ಮುಟ್ಟಿದಾಗಲೆಲ್ಲ ನನಗೆ ಒಂದು ಗಳಿಗೆ ದನಿ ಹೊರಡುವುದಿಲ್ಲ. ಎದುರಿಗೆ ಕೂತವರು ಹೊಸಬಳು ಎಂದು ಸುಮ್ಮನಿದ್ದಾರೆ.

ಈ ಕೆಲಸಕ್ಕೆ ಅರ್ಜಿ ಹಾಕಿದಾಗ ನೀನು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹೊರಟ ದಿನ ಬಾಗಿಲಿಗೂ ಬರದೆ ಯಾರದೋ ಪ್ಯಾಂಟಿಗೆ ಇಸ್ತ್ರಿ ಒತ್ತುತ್ತಲೇ ಇದ್ದೆ. ಸಿಟ್ಟು ಬಂದಿದ್ದರೆ ಬೈದು ಬರೆ. ನನಗೆ ಮನೆಯಲ್ಲಿ ಕೂರುವುದಾಗಲಿಲ್ಲ, ಅಷ್ಟೇ.

ಉಳಿದದ್ದೆಲ್ಲ ಸರಿ, ನೀರೊಂದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಜಲಾಶಯದಿಂದಲೇ ಪಂಪು ಮಾಡಿ ತೊಟ್ಟಿಗೆ ತುಂಬಿಸುತ್ತಾರೆ. ಎಲ್ಲರೂ ಗಟಗಟ ಕುಡಿಯುತ್ತಾರೆ. ನನಗೊಬ್ಬಳಿಗೇ ವಾಸನೆ. ಕುದಿಸಿದರೂ ಹೋಗುವುದಿಲ್ಲ. ಚಹಾ ಮಾಡಿ ಹೇಗೋ ಕುಡಿಯುತ್ತಿದ್ದೇನೆ.

ನಿನ್ನ
ಚಿಕ್ಕವಳು


ಜನವರಿ 19

ಚಿಕ್ಕವಳೇ,

ಬೈಯುವುದಕ್ಕೆ ಪುರುಸೊತ್ತು ಎಲ್ಲಿದೆ? ಅಂಗಡಿ ತುಂಬ ಬಟ್ಟೆ. ಬೈಗುಳ ಬಾಕಿ ಇರಲಿ, ಬಂದಾಗ ಒಟ್ಟಿಗೆ ಕೊಡುತ್ತೇನೆ.

ಚಹಾ ಕುಡಿದುಕೊಂಡು ಬಿಸಿಲಲ್ಲಿ ದೋಣಿಯ ಮೇಲೆ ಕೂತರೆ ಒಣಗಿದ ಮೆಣಸಿನಕಾಯಿ ಆಗುತ್ತೀಯ. ಇದರ ಜೊತೆ ಒಂದು ಸಾಮಾನು ಕಳಿಸಿದ್ದೇನೆ. ನೋಡಿ ನಗಬೇಡ. ಶರಬತ್ತಿನ ದಪ್ಪ ಬಾಟಲಿ, ತಳ ಕತ್ತರಿಸಿ ತಲೆಕೆಳಗು ಮಾಡಿದ್ದೇನೆ. ಬಾಯಿಗೆ ಒಗೆದ ಬಿಳಿ ಬಟ್ಟೆ ಎರಡು ಪದರ ಕಟ್ಟಿದೆ. ಅದರ ಮೇಲೆ ಸಣ್ಣ ಕಲ್ಲು, ಅದರ ಮೇಲೆ ತೊಳೆದ ಮರಳು, ಅದರ ಮೇಲೆ ಒಂದು ಗೇಣು ಕುಟ್ಟಿದ ಇದ್ದಿಲು, ಅದು ತೇಲಿ ಮೇಲೆ ಬರದ ಹಾಗೆ ಮತ್ತೆ ಬಟ್ಟೆ, ಮತ್ತೆ ಕಲ್ಲು. ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ ಹೊಲಿದಿದ್ದೇನೆ. ಎಲ್ಲಿ ಹೋದರೂ ಹೊತ್ತುಕೊಂಡು ಹೋಗಬಹುದು. ಮೇಲಿನಿಂದ ನೀರು ಹಾಕು, ಕೆಳಗೆ ಪಾತ್ರೆ ಇಡು. ಅವಸರ ಮಾಡಬೇಡ, ಅದು ತನ್ನ ಪಾಡಿಗೆ ತೊಟ್ಟಿಕ್ಕುತ್ತದೆ.

ಇದ್ದಿಲು ನಮ್ಮ ಇಸ್ತ್ರಿಪೆಟ್ಟಿಗೆಯದೇ, ಗಟ್ಟಿ ಮರದ್ದು. ಇದ್ದಿಲಿನ ಗುಣ ನಿನಗೂ ಗೊತ್ತು. ಗಿರಾಕಿಗಳ ಬಟ್ಟೆಗೆ ಮುಗ್ಗಲು ಹಿಡಿಯಬಾರದೆಂದು ಬೀರುವಿನಲ್ಲಿ ಒಂದು ತುಂಡು ಇಡುತ್ತೇವಲ್ಲ, ವರ್ಷಗಟ್ಟಲೆ ಅದು ಬಾಯಿ ಮುಚ್ಚಿಕೊಂಡು ವಾಸನೆ ಹೀರುತ್ತಲೇ ಇರುತ್ತದೆ. ಅದೇ ತುಂಡನ್ನು ಬೆಂಕಿಗೆ ಹಾಕಿದ ದಿನ ಬೀರುವಿನಲ್ಲಿದ್ದದ್ದೆಲ್ಲ ಹೊರಗೆ ಬರುತ್ತದೆ: ಒಬ್ಬರ ಅತ್ತರು, ಇನ್ನೊಬ್ಬರ ಬೆವರು. ಬೆಂಕಿ ಕಾಣುವ ತನಕ ಇದ್ದಿಲು ಹಿಡಿದದ್ದನ್ನು ಬಿಡುವುದಿಲ್ಲ.

ಒಂದು ಮಾತು. ಇದ್ದಿಲು ವಾಸನೆ ತೆಗೆಯುತ್ತದೆ, ರೋಗ ತೆಗೆಯುವುದಿಲ್ಲ. ಸೋಸಿದ ಮೇಲೂ ಕುದಿಸಿಯೇ ಕುಡಿ. ಇನ್ನೊಂದು ಮಾತು. ಕೆಲವು ವಾರ ಕಳೆದ ಮೇಲೆ ನೀರಿಗೆ ಮತ್ತೆ ವಾಸನೆ ಬರುತ್ತದೆ, ಇದ್ದಿಲಿನ ಹೊಟ್ಟೆ ತುಂಬಿತು ಎಂದರ್ಥ. ಆಗ ಹಳೆಯ ಇದ್ದಿಲನ್ನು ಎಸೆಯದೆ ಬಟ್ಟೆಯಲ್ಲಿ ಕಟ್ಟಿ ಕಳಿಸು. ನಾನು ಹೊಸದು ಕಳಿಸುತ್ತೇನೆ.

ಅಮ್ಮ


ಫೆಬ್ರವರಿ 2

ಅಮ್ಮಾ,

ನಿನ್ನ ಬಾಟಲಿ ಮೊದಲ ದಿನವೇ ನನ್ನ ಮರ್ಯಾದೆ ತೆಗೆಯಿತು. ಬಂದದ್ದೇ ತಡ ನೀರು ಸುರಿದು, ಕುದಿಸಿ, ಕುಡಿದು ಊಟಕ್ಕೆ ಹೋದೆ. ಮಾತಾಡಿದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಹಲ್ಲು, ತುಟಿ, ನಾಲಿಗೆ ಎಲ್ಲ ಮಸಿ. ಮೊದಲ ನೀರು ಚೆಲ್ಲಬೇಕು, ಕಪ್ಪು ನಿಲ್ಲುವ ತನಕ ತೊಳೆಯಬೇಕು ಎಂದು ಒಂದು ಸಾಲು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಮ್ಮ ದೋಣಿ ನಡೆಸುವವನಂತೂ ಊಟ ಬಿಟ್ಟು ಹೊರಗೆ ಹೋಗಿ ನಕ್ಕು ಬಂದ.

ಈಗ ಸರಿಹೋಗಿದೆ. ನೀರಿಗೆ ಒಂದಿಷ್ಟೂ ವಾಸನೆಯಿಲ್ಲ. ನಿಜ ಹೇಳಬೇಕೆಂದರೆ, ಇಲ್ಲಿಗೆ ಬಂದ ಮೇಲೆ ಮೊದಲ ಸಲ ಬಾಯಾರಿಕೆ ತೀರಿತು. ಬಾಟಲಿಯನ್ನು ಅಕ್ಕನ ಹಗ್ಗಕ್ಕೇ ನೇತುಹಾಕಿ, ಅವಳ ಮಂಚದ ಮೇಲೆ ಪಾತ್ರೆ ಇಟ್ಟಿದ್ದೇನೆ. ಖಾಲಿ ಮಂಚ ನೋಡುವುದಕ್ಕಿಂತ ಅದೇ ವಾಸಿ.

ಒಂದು ವಿಷಯ ಹೇಳುತ್ತೇನೆ, ಹುಚ್ಚು ಎನ್ನಬೇಡ. ಅದು ತೊಟ್ಟಿಕ್ಕುವಾಗ ಹನಿಗಳು ಜೋಡಿಯಾಗಿ ಬೀಳುತ್ತವೆ. ಟಕ್ ಟಕ್, ಆಮೇಲೆ ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಟಕ್ ಟಕ್. ಅಕ್ಕ ನೀರು ಕುಡಿದು ಲೋಟ ಕೆಳಗಿಟ್ಟು ಉಗುರಿನಿಂದ ಎರಡು ಸಲ ತಟ್ಟುತ್ತಿದ್ದಳಲ್ಲ, ಇನ್ನೊಂದು ಲೋಟ ತಾ ಎಂದು. ನೀನು “ಬಾಯಲ್ಲಿ ಕೇಳೋಕೇನು ರೋಗ” ಎಂದು ಗದರಿ ತುಂಬಿಸಿಕೊಡುತ್ತಿದ್ದೆ. ಬಾಟಲಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಬೇರೆ ಥರ ಕಟ್ಟಿ ನೋಡಿದೆ. ಹನಿ ಹಾಗೆಯೇ ಬೀಳುತ್ತದೆ.

ಹೊಟ್ಟೆ ತುಂಬಿದ ಇದ್ದಿಲು ನಿನಗೇಕೆ? ಅಲ್ಲಿ ಮೂಟೆಗಟ್ಟಲೆ ಇದೆಯಲ್ಲ.

ಚಿಕ್ಕವಳು


ಫೆಬ್ರವರಿ 16

ಚಿಕ್ಕವಳೇ,

ಅನ್ನ ಮಾಡುವ ಮೊದಲು ಅಕ್ಕಿ ತೊಳೆ ಎಂದು ಬರೆದು ಕಳಿಸಬೇಕೇ? ಹುಟ್ಟಿದಾಗಿನಿಂದ ಇದ್ದಿಲಿನ ಮಧ್ಯೆ ಬೆಳೆದವಳು, ಮಸಿ ಬಿಡುತ್ತದೆ ಎಂದು ಗೊತ್ತಾಗಲಿಲ್ಲವೆಂದರೆ ತಪ್ಪು ನನ್ನದಲ್ಲ. ಆದರೂ ಕಾಗದ ಓದಿ ನಗು ಬಂತು. ನಕ್ಕು ಬಹಳ ದಿನವಾಗಿತ್ತು.

ಇದ್ದಿಲು ನನಗೇಕೆ ಎಂದು ಕೇಳಿದ್ದೀಯ. ಒಣಗಿಸಿದರೆ ಉರಿಯುತ್ತದೆ, ಸುಮ್ಮನೆ ಯಾಕೆ ಎಸೆಯುವುದು? ನಾನು ಜಿಪುಣಿ ಎಂದೇ ತಿಳಿದುಕೋ. ಕಳಿಸು.

ಅಂಗಡಿ ನಡೆಯುತ್ತಿದೆ. ನೀನು ಹೊರಡುವಾಗ ಶೆಲ್ಫಿನ ಮೂಲೆಯ ಕಡೆ ನೋಡಿದ್ದನ್ನು ನಾನು ಗಮನಿಸಿದೆ. ಹೌದು, ಅದು ಅಲ್ಲೇ ಇದೆ. ದೊಡ್ಡವಳ ನೀಲಿ ಅಂಗಿ. ಅವಳು ಕೊನೆಯ ಸಲ ಹೊರಟಾಗ ಇಸ್ತ್ರಿಗೆಂದು ನೀರು ಚಿಮುಕಿಸಿ ಸುತ್ತಿಟ್ಟಿದ್ದೆ. ಜೀಪು ಬಂದುಬಿಟ್ಟಿತು, ಮುಂದಿನ ಸಲ ಬಂದಾಗ ಗರಿಗರಿ ಮಾಡಿಟ್ಟಿರುತ್ತೇನೆ ಹೋಗು ಎಂದೆ. ಈಗಲೂ ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅದನ್ನು ಬಿಚ್ಚಿ, ನೀರು ಚಿಮುಕಿಸಿ, ಮತ್ತೆ ಸುತ್ತಿಡುತ್ತೇನೆ. ವಾರಕ್ಕೊಮ್ಮೆ ಒಗೆಯುತ್ತೇನೆ. ಒಣಗಲು ಬಿಟ್ಟರೆ ಸುಕ್ಕು ಕೂತುಬಿಡುತ್ತದೆ, ಮುಗ್ಗಲು ಹಿಡಿದರೆ ಬಟ್ಟೆಯೇ ಹಾಳು. ಮೊನ್ನೆ ಒಬ್ಬ ಗಿರಾಕಿ, ಯಾರದ್ದು ಅದು, ಯಾವಾಗ ನೋಡಿದರೂ ಒದ್ದೆಯಾಗಿಯೇ ಇರುತ್ತದೆ ಎಂದು ಕೇಳಿದರು. “ಬಂದು ತಗೊಂಡು ಹೋಗ್ತಾಳೆ” ಅಂದೆ.

ನಮ್ಮ ನಲ್ಲಿಗೆ ಬರುವುದು ಬೇರೆ ಹೊಳೆಯ ನೀರಂತೆ. ನೀರಿನ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದೆ.

ಅಮ್ಮ


ಮಾರ್ಚ್ 4

ಅಮ್ಮಾ,

ನೀರಿಗೆ ಮತ್ತೆ ವಾಸನೆ ಬಂತು. ಹಳೆಯ ಇದ್ದಿಲನ್ನು ಕಟ್ಟಿ ಈ ಕಾಗದದ ಜೊತೆಯೇ ಕಳಿಸುತ್ತಿದ್ದೇನೆ. ಗಂಟು ಒದ್ದೆಯಾಗಿದೆಯೆಂದು ಡ್ರೈವರ್ ಗೊಣಗಿದ. ಒಳಗೇನಿದೆ ಎಂದು ಕೇಳಿದ. ಇದ್ದಿಲು ಎಂದೆ. ಇದ್ದಿಲನ್ನು ಊರಿಂದ ತರಿಸಿ, ಒದ್ದೆ ಮಾಡಿ, ವಾಪಸ್ ಕಳಿಸುವವರನ್ನು ಅವನು ಇದೇ ಮೊದಲು ನೋಡಿದ್ದಂತೆ.

ನಾನು ಮೊದಲೇ ಹೇಳಿದ ದೋಣಿಯವನು ಅಕ್ಕನ ದೋಣಿ ಮಗುಚಿದ ದಿನವೂ ಅದರಲ್ಲಿದ್ದವನು. ಈಜಿ ದಡ ಸೇರಿದ್ದು ಅವನೊಬ್ಬನೇ. ಅವನ ಕೂದಲು ಅರ್ಧ ನೆರೆತಿದೆ. ಮಾತು ಕಡಿಮೆ. ಅವನನ್ನು ಕೇಳಬೇಕೆಂದೇ ಬಂದಿದ್ದೆ, ಆದರೆ ಅವನ ಮುಖ ನೋಡಿದರೆ ಬಾಯಿ ಬರುತ್ತಿರಲಿಲ್ಲ. ಮೊನ್ನೆ ಅವನಾಗಿಯೇ ಹುಟ್ಟು ಹಾಕುವುದನ್ನು ನಿಲ್ಲಿಸಿ, “ಇಲ್ಲೇ” ಎಂದ. ನೀರಿನ ಮೇಲೆ ಗುರುತೇನಿಲ್ಲ, ಎಲ್ಲ ಕಡೆಯ ಹಾಗೆಯೇ ಇದೆ. ಸುತ್ತಲೂ ನೀರು, ದೂರದಲ್ಲಿ ಅಣೆಕಟ್ಟಿನ ಗೋಡೆ. ಅಲ್ಲಿಯೂ ಆಳ ಅಳೆಯಬೇಕಿತ್ತು. ಗುಂಡು ಇಳಿಯುತ್ತಲೇ ಹೋಯಿತು. ಮುಟ್ಟಿದಾಗ ಗಟ್ಟಿ ನೆಲಕ್ಕೆ ಬಡಿದ ಹಾಗಿರಲಿಲ್ಲ, ಹಾಸಿಗೆಗೆ ಬಿದ್ದ ಹಾಗಿತ್ತು. ಮೇಲೆಳೆದ ಹಗ್ಗ ಕೈಯಲ್ಲಿ ತಣ್ಣಗೆ ಹರಿಯುತ್ತಿತ್ತು. ನಾನು ಕೈ ಒರೆಸಿಕೊಳ್ಳಲಿಲ್ಲ.

ಮುಳುಗು ತಜ್ಞರು ಬಂದು ದಿನಗಟ್ಟಲೆ ಹುಡುಕಿದರಂತೆ. ಹೂಳು ಅಷ್ಟು ಮೃದುವಾಗಿದೆಯಂತೆ, ಒಳಗೆ ಹೋದದ್ದು ಹೊರಗೆ ಕಾಣುವುದಿಲ್ಲವಂತೆ. ಇದೆಲ್ಲ ಆಗ ನಮಗೆ ಬಂದ ಕಾಗದದಲ್ಲಿ ಇತ್ತು. ಆದರೆ ಅವನ ಬಾಯಿಂದ ಕೇಳುವುದು ಬೇರೆ. ಅಮ್ಮಾ, ನೀನು ಆ ಅಂಗಿಗೆ ಇನ್ನೂ ನೀರು ಚಿಮುಕಿಸುತ್ತಿದ್ದೀಯ ಎಂದು ಓದಿ ನನಗೆ ಭಯವಾಯಿತು. ಅವಳು ಬರುತ್ತಾಳೆ ಎಂದು ನಿಜವಾಗಿ ನಂಬಿದ್ದೀಯಾ?

ಚಿಕ್ಕವಳು


ಮಾರ್ಚ್ 18

ಚಿಕ್ಕವಳೇ,

ಗಂಟು ತಲುಪಿತು. ಒದ್ದೆ ಆರಿರಲಿಲ್ಲ. ಹಂಚಿನ ಮೇಲೆ ಹರಡಿ ಒಣಗಿಸುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಕೂತೆ, ಬರೆದದ್ದು ಸರಿ ಕಾಣಲಿಲ್ಲ, ಹರಿದು ಹಾಕಿದೆ.

ನಾನು ಕೇಳುವುದಕ್ಕೆ ನೀನು ಉತ್ತರ ಕೊಡು. ಬಾಟಲಿಗೆ ನೀರು ಎಲ್ಲಿಂದ ತುಂಬಿಸುತ್ತೀಯ? ತೊಟ್ಟಿಯದ್ದೋ? ತೊಟ್ಟಿಗೆ ಬರುವ ಪೈಪು ಜಲಾಶಯದ ಯಾವ ಮೂಲೆಯಿಂದ ಬರುತ್ತದೆ? ದಡದ ಹತ್ತಿರವೋ, ನಡುವಿನಿಂದಲೋ? ಹೊಸ ಇದ್ದಿಲು ಕಳಿಸಿದ್ದೇನೆ, ಈ ಸಲ ತೊಳೆದು ಒಣಗಿಸಿಯೇ ಕಳಿಸಿದ್ದೇನೆ, ಮತ್ತೆ ಮುಖಕ್ಕೆ ಮಸಿ ಬಳಿದುಕೊಳ್ಳಬೇಡ. ತೊಟ್ಟಿಯ ನೀರು ಬೇಡ. ದೋಣಿಯಲ್ಲಿ ಹೋಗುವಾಗ ಬಾಟಲಿಯನ್ನು ಹೆಗಲಿಗೆ ಹಾಕಿಕೊಂಡು ಹೋಗು. ಅದಕ್ಕೇ ಪಟ್ಟಿ ಹೊಲಿದದ್ದು. ದೋಣಿಯವನು ತೋರಿಸಿದ ಜಾಗಕ್ಕೆ ಹೋದಾಗ ಅಲ್ಲಿಯ ನೀರನ್ನೇ ಹಾಕು. ಎಷ್ಟು ಸಾಧ್ಯವೋ ಅಷ್ಟು ಸಲ ಹಾಕು. ನೀರನ್ನು ಬೇಕಾದರೆ ಕುಡಿ, ಬೇಡವಾದರೆ ಚೆಲ್ಲು. ಇದ್ದಿಲು ಕಳಿಸು.

ಯಾಕೆ ಎಂದು ಕೇಳಬೇಡ. ಸುಕ್ಕು ಬಿಡಿಸುವವಳಿಗೆ ಅವಳದೇ ಲೆಕ್ಕಾಚಾರ ಇರುತ್ತದೆ.

ಅಮ್ಮ


ಏಪ್ರಿಲ್ 9

ಅಮ್ಮಾ,

ಉತ್ತರ ತಡವಾಯಿತು. ಜೀಪು ಕೆಟ್ಟು ಒಂದು ವಾರ ಯಾರೂ ಬರಲಿಲ್ಲ, ಅಕ್ಕಿಗೂ ಸೋಪಿಗೂ ಗತಿಯಿರಲಿಲ್ಲ.

ನೀನು ಹೇಳಿದ ಹಾಗೆಯೇ ಮಾಡಿದೆ. ಬಾಟಲಿಯನ್ನು ದೋಣಿಯ ಕಂಬಕ್ಕೆ ಕಟ್ಟಿ, ಆ ಜಾಗಕ್ಕೆ ಹೋದಾಗಲೆಲ್ಲ ಮೊಗೆದು ಮೊಗೆದು ಹಾಕಿದೆ. ಕೆಲಸ ಮುಗಿದ ಮೇಲೂ ದೋಣಿಯವನು ದೋಣಿಯನ್ನು ಸುಮ್ಮನೆ ಹಿಡಿದು ನಿಲ್ಲಿಸಿಕೊಂಡಿರುತ್ತಿದ್ದ. ಮಟ ಮಟ ಮಧ್ಯಾಹ್ನ, ಗಾಳಿ ಇರುವುದಿಲ್ಲ, ನೀರು ಅಲುಗಾಡುವುದಿಲ್ಲ. ಟಕ್ ಟಕ್ ಎನ್ನುವುದೊಂದೇ ಸದ್ದು. ಒಂದು ಸಲ ಅವನು ಮುಖ ತಿರುಗಿಸಿಕೊಂಡ. ಅಕ್ಕ ಇಲ್ಲಿಯೂ ಲೋಟ ತಟ್ಟುತ್ತಿದ್ದಳೆಂದು ಆಗ ಗೊತ್ತಾಯಿತು.

ಆಮೇಲೆ ವಾಸನೆ ಬಂತು, ಇದ್ದಿಲು ತೆಗೆದೆ. ಕಟ್ಟಿಟ್ಟೆ. ಆದರೆ ಜೀಪು ಬರಲಿಲ್ಲವಲ್ಲ, ಸೆಕೆಗೆ ಗಂಟಿನಿಂದ ಕೊಳೆತ ನಾತ ಹೊಡೆಯತೊಡಗಿತು, ಕೋಣೆಯಲ್ಲಿ ಮಲಗಲಾಗುತ್ತಿರಲಿಲ್ಲ. ದಡಕ್ಕೆ ಒಯ್ದು ನೀರಿಗೆ ಸುರಿದುಬಿಟ್ಟೆ. ಕೋಪ ಮಾಡಿಕೊಳ್ಳಬೇಡ, ಒಂದು ಹಿಡಿ ಇದ್ದಿಲಿಗೆ ನಿನ್ನ ಒಲೆ ಕಾಯುತ್ತಾ ಕೂತಿಲ್ಲ ತಾನೇ. ನಿನಗೆ ಈಚೆಗೆ ಜಿಪುಣತನ ವಿಪರೀತವಾಗಿದೆ. ಹೊಸದು ಕಳಿಸು.

ಚಿಕ್ಕವಳು


ಏಪ್ರಿಲ್ 14

ನೀರಿಗೆ ಸುರಿದೆಯಾ.

ಕಾಗದ ಬಂದು ಒಂದು ಗಂಟೆಯಾಗಿಲ್ಲ, ಅಂಗಡಿ ಮುಚ್ಚಿ ಕೂತು ಬರೆಯುತ್ತಿದ್ದೇನೆ. ಹಗಲು ಹೊತ್ತಿನಲ್ಲಿ ಈ ಅಂಗಡಿ ಮುಚ್ಚಿದ್ದು ದೊಡ್ಡವಳ ಸುದ್ದಿ ಬಂದ ದಿನ ಬಿಟ್ಟರೆ ಇವತ್ತೇ.

ನನಗೆ ತಲೆ ಕೆಟ್ಟಿಲ್ಲ. ಅವಳು ಬರುತ್ತಾಳೆಂದು ನಾನು ನಂಬಿಲ್ಲ. ಸುದ್ದಿ ತಂದವನ ಮುಖ ನೋಡಿದಾಗಲೇ ನನಗೆ ಗೊತ್ತಾಗಿತ್ತು. ಆದರೆ ಸುಡುವುದಕ್ಕೂ ಹೂಳುವುದಕ್ಕೂ ಅವಳದೆಂದು ನನ್ನ ಕೈಗೆ ಏನು ಕೊಟ್ಟರು? ಒಂದು ಕಾಗದ ಕೊಟ್ಟರು. ಹೆತ್ತವಳು ಕಾಗದವನ್ನು ಏನು ಮಾಡಬೇಕು? ಅಂಗಿಗೆ ನೀರು ಚಿಮುಕಿಸುವುದು ಅವಳು ಬರುತ್ತಾಳೆಂದಲ್ಲ. ಅದನ್ನು ಇಸ್ತ್ರಿ ಮಾಡಿಬಿಟ್ಟರೆ ಅವಳಿಗೆ ನಾನು ಮಾಡಬೇಕಾದ ಕೆಲಸ ಒಂದೂ ಉಳಿಯುವುದಿಲ್ಲ, ಅದಕ್ಕೆ.

ನೀರಿನಲ್ಲಿ ಏನೋ ವಾಸನೆ, ನನಗೊಬ್ಬಳಿಗೇ ಬರುತ್ತದೆ ಎಂದು ನೀನು ಬರೆದೆ. ಅದೇನು ವಾಸನೆ ಎಂದು ನೀನು ಬರೆಯಲಿಲ್ಲ, ನಾನೂ ಕೇಳಲಿಲ್ಲ. ಒಂದು ವರ್ಷದಿಂದ ಅವಳು ಆ ನೀರಿನಲ್ಲಿದ್ದಾಳೆ. ಸಕ್ಕರೆಯಾದರೂ ಉಪ್ಪಾದರೂ ಕರಗಿದ್ದು ನೀರಿನಲ್ಲೇ ಇರುತ್ತದೆ. ಮುಳುಗು ತಜ್ಞರ ಕೈಗೆ ಸಿಗದದ್ದು ಇದ್ದಿಲಿಗೆ ಸಿಗಬಹುದು ಅಂದುಕೊಂಡೆ. ನೀನು ಕುಡಿಯುವುದಕ್ಕೂ ಆಗುತ್ತದೆ, ನನಗೆ ಹಿಡಿಯಷ್ಟು ಮಗಳು ವಾಪಸ್ ಬಂದ ಹಾಗೂ ಆಗುತ್ತದೆ. ಮೊದಲ ಸಲ ನೀನು ಕಳಿಸಿದ್ದನ್ನು ಒಣಗಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದು ತೊಟ್ಟಿಯ ನೀರಿನದು, ದಡದ್ದೋ ಏನೋ ತಿಳಿಯದು. ಈ ಸಲದ್ದು ಅವಳಿರುವ ಜಾಗದ್ದು. ಅದನ್ನು ನೀನು ತೆಗೆದುಕೊಂಡು ಹೋಗಿ ಮತ್ತೆ ನೀರಿಗೇ ಹಾಕಿದೆ.

ನಿನಗೆ ಗೊತ್ತಿರಲಿಲ್ಲ ಎಂದು ನನಗೆ ಗೊತ್ತು. ಬೈಯಬಾರದು ಎಂದೂ ಗೊತ್ತು. ಆದರೂ ಇವತ್ತು ನಿನ್ನನ್ನು ಕ್ಷಮಿಸಲು ನನ್ನ ಕೈಲಿ ಆಗುವುದಿಲ್ಲ.

ಇನ್ನು ಇದ್ದಿಲು ಕಳಿಸುವುದಿಲ್ಲ.


ಮೇ 11

ಅಮ್ಮಾ,

ನಿನ್ನ ಕಾಗದ ಬಂದ ಮೇಲೆ ಮೂರು ಸಲ ಬರೆಯಲು ಕೂತೆ. ಮೂರೂ ಸಲ ಜೀಪು ಕಾಗದವಿಲ್ಲದೆಯೇ ಹೋಯಿತು.

ವಾಸನೆ ಏನೆಂದು ನಾನು ಬರೆಯಲಿಲ್ಲ, ನಿಜ. ಅದು ಕೆಸರಿನದಲ್ಲ, ಪಾಚಿಯದಲ್ಲ. ಮಳೆಗಾಲದಲ್ಲಿ ತಲೆ ಸ್ನಾನ ಮಾಡಿ ಅಕ್ಕ ನನ್ನ ಪಕ್ಕದಲ್ಲಿ ಬಂದು ಮಲಗಿದಾಗ ಅವಳ ಒದ್ದೆ ಕೂದಲು ನನ್ನ ದಿಂಬಿನ ಮೇಲೆ ಬರುತ್ತಿತ್ತಲ್ಲ, ಆ ವಾಸನೆ. ಮೊದಲ ಲೋಟ ಬಾಯಿಗೆ ಇಟ್ಟಾಗಲೇ ಗೊತ್ತಾಯಿತು. ಎಲ್ಲರೂ ಕುಡಿಯುತ್ತಿದ್ದಾರೆ, ಅಡುಗೆ ಮಾಡುತ್ತಿದ್ದಾರೆ, ಕಾಲು ತೊಳೆಯುತ್ತಿದ್ದಾರೆ. ನಾನು ಹೇಗೆ ಕುಡಿಯಲಿ? ನಿನಗೆ ಬರೆದರೆ ನೀನು ತಡೆದುಕೊಳ್ಳುವುದಿಲ್ಲ ಎಂದು ಬರೀ ವಾಸನೆ ಎಂದೆ. ನೀನು ಇದ್ದಿಲು ಕಳಿಸಿದೆ. ಅವಳನ್ನು ನೀರಿನಿಂದ ತೆಗೆದುಹಾಕಿ ನಾನು ನೆಮ್ಮದಿಯಾಗಿ ಕುಡಿದೆ. ನೀನು ಹಿಡಿದಿಟ್ಟುಕೊಳ್ಳಲು ಕಳಿಸಿದ್ದನ್ನು ನಾನು ದೂರ ಮಾಡಲು ಬಳಸಿದೆ. ಒಂದೇ ಬಾಟಲಿ.

ದೋಣಿಯವನಿಗೆ ಎಲ್ಲ ಹೇಳಿದೆ. ನಗುತ್ತಾನೇನೋ ಎಂಬ ಅಳುಕಿತ್ತು. ಅವನು “ನಮ್ಮ ಒಲೇಲಿ ಇದ್ದಿಲು ಇದೆ, ಬೆಳಿಗ್ಗೆ ತರ್ತೀನಿ” ಎಂದ. ಮಾರನೆಯ ದಿನ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದ. ಅವನ ಹೆಂಡತಿ ಕುಟ್ಟಿಯೂ ಕೊಟ್ಟಿದ್ದಳು. ನಾನು ಕಪ್ಪು ನಿಲ್ಲುವ ತನಕ ತೊಳೆದೆ. ರಜೆಯ ದಿನಗಳಲ್ಲೂ ನಾವಿಬ್ಬರೂ ಅಲ್ಲಿಗೆ ಹೋದೆವು. ಒಂದು ದಿನ ಗಾಳಿ ಎದ್ದಿತು. ದೋಣಿ ಓಲಾಡತೊಡಗಿತು. ನಾನು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ವಾಪಸ್ ಹೋಗೋಣ ಎಂದೆ. ಅವನು ಪಾತ್ರೆ ತುಂಬುವ ತನಕ ಹುಟ್ಟನ್ನು ನೀರಿಗೆ ಊರಿ ಹಿಡಿದುಕೊಂಡೇ ಇದ್ದ. ಆ ದಿನ ಹಿಡಿಯಲು ಆಗಲಿಲ್ಲ ಎಂದ, ಅಷ್ಟೇ ಅವನು ಹೇಳಿದ್ದು.

ಈ ಗಂಟು ಅದೇ. ಬಿಸಿಲಲ್ಲಿ ಒಣಗಿಸಿದ್ದೇನೆ, ನಾತವಿಲ್ಲ. ಅಕ್ಕನ ಗೋಡೆಯ ಹಗ್ಗವನ್ನೇ ಬಿಚ್ಚಿ ಕಟ್ಟಿದ್ದೇನೆ. ಸಿಟ್ಟು ಹೋಗದಿದ್ದರೂ ಪರವಾಗಿಲ್ಲ, ಇದನ್ನು ತೆಗೆದುಕೋ.

ನಿನ್ನ
ಚಿಕ್ಕವಳು


ಜೂನ್ 3

ಚಿಕ್ಕವಳೇ,

ಗಂಟು ಬಿಚ್ಚಲು ನನಗೆ ಬಹಳ ಹೊತ್ತು ಹಿಡಿಯಿತು. ಬಿಗಿಯಾಗಿತ್ತೆಂದಲ್ಲ.

ಹಳೆಯ ಡಬ್ಬಿಯದನ್ನೂ ಹೊಸದನ್ನೂ ಸೇರಿಸಿದೆ. ಪುಡಿ ಹಾರದ ಹಾಗೆ ಒಂದು ಮುಷ್ಟಿ ಹಿಟ್ಟಿನ ಗಂಜಿ ಹಾಕಿ ಉಂಡೆ ಕಟ್ಟಿ ಒಣಗಿಸಿದೆ. ನಿನ್ನೆ ಬೆಳಿಗ್ಗೆ, ಗಿರಾಕಿಗಳು ಬರುವ ಮೊದಲು, ಇಸ್ತ್ರಿಪೆಟ್ಟಿಗೆಯನ್ನು ಖಾಲಿ ಮಾಡಿ, ಒರೆಸಿ, ಅದರೊಳಗೆ ಇದೊಂದನ್ನೇ ತುಂಬಿಸಿದೆ. ಬೇರೆ ಇದ್ದಿಲು ಒಂದು ಚೂರೂ ಸೇರಿಸಲಿಲ್ಲ. ಬೆಂಕಿ ಕೊಟ್ಟೆ. ಹತ್ತಲು ಸತಾಯಿಸಿತು, ದೊಡ್ಡವಳನ್ನು ಬೆಳಿಗ್ಗೆ ಎಬ್ಬಿಸುವಾಗ ಹೇಗೆ ಸತಾಯಿಸುತ್ತಿದ್ದಳೋ ಹಾಗೆ. ನಾನು ಬೀಸುತ್ತಾ ಕೂತೆ.

ಸುಳ್ಳು ಹೇಳುವುದಿಲ್ಲ. ನೀನು ಬರೆದ ಒದ್ದೆ ಕೂದಲಿನ ವಾಸನೆ ನನಗೆ ಬರಲಿಲ್ಲ. ಬರಲಿ ಎಂದು ಪೆಟ್ಟಿಗೆಯ ಮುಚ್ಚಳ ತೆಗೆದು ಮೂಗು ಸುಟ್ಟುಕೊಳ್ಳುವಷ್ಟು ಹತ್ತಿರ ಹೋದೆ. ಕೆಸರಿನ ವಾಸನೆ ಬಂತು. ಆಮೇಲೆ ಬರೀ ಬೆಂಕಿಯದು. ಆಗ ಅತ್ತೆ. ಇಷ್ಟು ದಿನ ಅತ್ತಿರಲಿಲ್ಲ ಎಂದು ಅಳುವಾಗ ನೆನಪಾಯಿತು. ಪಕ್ಕದ ಅಂಗಡಿಯವಳು ಓಡಿ ಬಂದು ಏನಾಯಿತು ಎಂದಳು. “ನನ್ನ ದೊಡ್ಡ ಮಗಳು ಹೋಗಿಬಿಟ್ಟಳು” ಅಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಳು, ಇವತ್ತೇ ಆದದ್ದು ಎಂಬಂತೆ.

ಪೆಟ್ಟಿಗೆ ಕಾಯುತ್ತಲೇ ಇತ್ತು. ಕಾದದ್ದನ್ನು ಸುಮ್ಮನೆ ಆರಲು ಬಿಡಬಾರದಲ್ಲ. ಎದ್ದು ಮೂಲೆಯಿಂದ ನೀಲಿ ಅಂಗಿ ತೆಗೆದೆ. ಕಾಲರಿನಿಂದ ಶುರು ಮಾಡಿದೆ, ಆಮೇಲೆ ಹೆಗಲು, ಆಮೇಲೆ ತೋಳು, ಬೆನ್ನು, ಕೊನೆಗೆ ಎದೆ. ಒದ್ದೆ ಬಟ್ಟೆಯಿಂದ ಹಬೆ ಎದ್ದು ಮುಖಕ್ಕೆ ಬಂತು. ಅದರ ಜೊತೆ ಒಂದು ಗಳಿಗೆ, ಒಂದೇ ಗಳಿಗೆ, ನೀನು ಹೇಳಿದ್ದು ಬಂತು. ಅದು ಅಂಗಿಯಿಂದಲೋ ಪೆಟ್ಟಿಗೆಯಿಂದಲೋ ಎಂದು ನಾನು ಹುಡುಕಲಿಲ್ಲ. ಕೈ ನಿಲ್ಲಿಸಿದರೆ ಬಟ್ಟೆ ಸುಡುತ್ತದೆ.

ಉಳಿದ ಬೂದಿಯನ್ನು ಮನೆ ಮುಂದಿನ ಮರದ ಬುಡಕ್ಕೆ ಹಾಕಿದೆ. ಇನ್ನು ಇದ್ದಿಲು ಕಳಿಸಬೇಡ. ಮೂಲೆಯಲ್ಲಿ ಈಗ ಬೇರೆ ಗಿರಾಕಿಗಳ ಬಟ್ಟೆ ಇಟ್ಟಿದ್ದೇನೆ.

ಅಂಗಿ ನಿನಗೆ ಕಳಿಸಿದ್ದೇನೆ. ಅವಳ ಕೈ ನಿನಗಿಂತ ಉದ್ದ, ತೋಳು ಒಂದು ಮಡಿಕೆ ಮಡಿಸಿಕೋ. ಬಿಸಿಲಿಗೆ ಒಳ್ಳೆಯದು. ದೋಣಿಯವನಿಗೂ ಅವನ ಹೆಂಡತಿಗೂ ನಾನು ಕೇಳಿದೆನೆಂದು ಹೇಳು. ನಿನ್ನ ಬೈಗುಳದ ಬಾಕಿಯನ್ನು ಮನ್ನಾ ಮಾಡಿದ್ದೇನೆ. ಅಳತೆ ಮುಗಿದ ಕೂಡಲೇ ಬಂದುಬಿಡು. ಈ ಸಲ ನಾನು ಬಾಗಿಲಿಗೆ ಬರುತ್ತೇನೆ.

ಅಮ್ಮ


ಜೂನ್ 21

ಅಮ್ಮಾ,

ಅಂಗಿ ಬಂತು. ಒಂದು ದಿನ ಬಿಚ್ಚದೆ ಅಕ್ಕನ ಮಂಚದ ಮೇಲೆಯೇ ಇಟ್ಟಿದ್ದೆ. ಎಷ್ಟು ಗರಿಗರಿಯಾಗಿತ್ತೆಂದರೆ ತೊಡುವಾಗ ಸದ್ದಾಯಿತು. ತೋಳು ಮಡಿಸಬೇಕಾಗಲಿಲ್ಲ. ನಾನೂ ಬೆಳೆದಿದ್ದೇನೆಂದು ನಿನಗೆ ಗೊತ್ತೇ ಆಗಲಿಲ್ಲ, ನನಗೂ ಆಗಿರಲಿಲ್ಲ.

ಅಳತೆ ಮುಗಿಯಿತು. ನಕ್ಷೆಯಲ್ಲಿ ಆ ಜಾಗಕ್ಕೂ ಒಂದು ಸಂಖ್ಯೆ ಬಿದ್ದಿದೆ, ಪಕ್ಕದ ಜಾಗಗಳ ಸಂಖ್ಯೆಯ ಹಾಗೆಯೇ. ಮುಂದಿನ ವಾರದ ಜೀಪಿನಲ್ಲಿ ಹೊರಡುತ್ತೇನೆ. ಬಾಟಲಿಯನ್ನು ದೋಣಿಯವನ ಹೆಂಡತಿಗೆ ಕೊಟ್ಟೆ, ಕುದಿಸಿ ಕುಡಿಯಬೇಕೆಂದು ನಿನ್ನ ಹಾಗೆಯೇ ಗದರಿ ಹೇಳಿದ್ದೇನೆ.

ಕೊನೆಯ ದಿನ ನೀಲಿ ಅಂಗಿ ಹಾಕಿಕೊಂಡು ದೋಣಿಯಲ್ಲಿ ಹೋದೆ. ಕುದಿಸಿ ಆರಿಸಿದ ನೀರನ್ನು ತಂಬಿಗೆಯಲ್ಲಿ, ಲೋಟದ ಸಮೇತ ಒಯ್ದಿದ್ದೆ, ಸೋಸದ ನೀರು. ಅಲ್ಲಿಗೆ ಹೋದ ಮೇಲೆ ಲೋಟಕ್ಕೆ ಸುರಿದು ಬಾಯಿಗೆ ಇಟ್ಟೆ. ವಾಸನೆ ಇತ್ತು. ಕೊನೆಯ ಹನಿಯವರೆಗೆ ಕುಡಿದೆ. ಲೋಟವನ್ನು ಹಲಗೆಯ ಮೇಲೆ ಇಟ್ಟಾಗ ನನಗೆ ಗೊತ್ತಿಲ್ಲದೆಯೇ ನನ್ನ ಉಗುರು ಅದನ್ನು ಎರಡು ಸಲ ತಟ್ಟಿತು.

ದೋಣಿಯವನು ತಿರುಗಿ ನೋಡಿದ. ಹುಟ್ಟನ್ನು ಬದಿಗಿಟ್ಟು, ತಂಬಿಗೆಯಿಂದ ಮತ್ತೆ ತುಂಬಿಸಿ ಕೊಟ್ಟ.

ಬರುತ್ತಿದ್ದೇನೆ.

ನಿನ್ನ
ಚಿಕ್ಕವಳು